ಎರಡನೆಯ ಕೊಂಬು

ಶ್ರಾವಣ ಮಾಸದ ನಲವತ್ತೊಂದನೆಯ ದಿನ
ಅಳಿವೆಗೋಡೆ ಊರು, ಕೇರುಮನೆ, ಕಡಲ ಕಡೆಯ ಕಿಟಕಿಯ ಬಳಿ

ಶ್ರೀಮತಿ ವಿನುತಾ ಹಮ್ಮಣ್ಣ ನಾಯಕ ಅವರಿಗೆ, ನಿಮಗಿಂತ ಅದೆಷ್ಟೋ ತಲೆಮಾರು ಈಚೆಗೆ ಹುಟ್ಟಿದ ಹೊನ್ನಿ ಮಾಡುವ ನಮಸ್ಕಾರಗಳು.

ಮೇಲಿನ ತಾರೀಕನ್ನು ನೋಡಿ ಇದು ಯಾರದೋ ಹುಡುಗಾಟ ಎಂದು ಕಾಗದವನ್ನು ಬದಿಗಿಡಬೇಡಿ. ಒಂದು ತಿಂಗಳಿಗೆ ಇಷ್ಟೊಂದು ದಿನ ಎಲ್ಲಿಂದ ಬಂತು ಎಂದು ನಾವೂ ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು. ಈ ವರ್ಷ ಅಧಿಕ ಶ್ರಾವಣ ಬಂದಿತ್ತು, ಅದರ ಬೆನ್ನಿಗೇ ನಿಜ ಶ್ರಾವಣ. ಒಂದೇ ಹೆಸರಿನ ಎರಡು ತಿಂಗಳು ಒಂದರ ಹಿಂದೆ ಒಂದು ನಿಂತಿದ್ದು ತಪ್ಪೆಂದು ನಮ್ಮ ಯಂತ್ರಕ್ಕೆ ಕಂಡಿತು. ಅದು ಎರಡನ್ನೂ ಕೂಡಿಸಿ ಒಂದೇ ಉದ್ದದ ತಿಂಗಳು ಮಾಡಿಟ್ಟಿತು. ನಾಗರಪಂಚಮಿ ಯಾವತ್ತು ಎಂದು ಕೇರಿಕೇರಿಗಳ ನಡುವೆ ಜಗಳವಾಯಿತು. ಒಂದು ಕೇರಿಯವರು ಎರಡು ಸಲ ಮಾಡುತ್ತೇವೆ, ಎರಡು ಸಲ ಕಡುಬು ತಿನ್ನುತ್ತೇವೆ ಎಂದರು. ಆ ನಗುವನ್ನು ನೆನೆದರೆ ಈಗ ಮೈ ಜುಮ್ಮೆನ್ನುತ್ತದೆ. ಅದು ಮೊದಲ ಸೂಚನೆಯಾಗಿತ್ತು, ನಮಗೆ ಅರ್ಥವಾಗಲಿಲ್ಲ.

ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಹಳೆಯ ಬರಹಗಳಿಂದ ಕಲಿತದ್ದು. ಮನೆಯಲ್ಲಿ ನಾವು ಹೀಗೆ ಮಾತಾಡುವುದಿಲ್ಲ. ನಿಮ್ಮನ್ನು ಏನೆಂದು ಕರೆಯಬೇಕೆಂಬುದೂ ನನಗೆ ತೋಚುತ್ತಿಲ್ಲ. ನಾನು ಮುಂದೆ ಹೇಳಲಿರುವ ಸಾಲನ್ನು ಬರೆದಾಗ ನೀವು ನನ್ನ ಮಗಳಿಗಿಂತ ತುಸು ದೊಡ್ಡವರಿದ್ದಿರಬೇಕು, ಆದರೆ ಕಾಲದ ಲೆಕ್ಕದಲ್ಲಿ ನನ್ನ ಮುತ್ತಜ್ಜಿಯ ಮುತ್ತಜ್ಜಿಗೂ ಹಿರಿಯರು. ತಂಗಿ ಎಂದರೆ ತಪ್ಪಾಗುತ್ತದೆ, ಅಜ್ಜಿ ಎಂದರೆ ನೀವು ಸಿಟ್ಟಾಗಬಹುದು. ಹಾಗಾಗಿ ವಿನುತಾ ಅವರೇ ಎಂದೇ ಕರೆಯುತ್ತೇನೆ. ನಿಮ್ಮಿಂದ ನನಗೆ ಆಗಬೇಕಾದ ಕೆಲಸ ಒಂದಿದೆ, ಬಹಳ ಚಿಕ್ಕದು. ಅದು ಆಗದಿದ್ದರೆ ನನ್ನ ಮಗಳು ಕೇತಕಿ ನೀರಿಗೆ ಸಿಕ್ಕುತ್ತಾಳೆ. ಹೆದರಿದವಳ ಕಾಗದ ಇದು, ಸುತ್ತಿ ಬಳಸಿ ಬರೆದರೂ ಕೊನೆಯವರೆಗೆ ಓದಿ.

ನಿಮ್ಮ ಕೆಲಸದ ಮಾತುಗಳನ್ನು ನಾವು ಬೇರೆ ಹೆಸರಿನಿಂದ ಕರೆಯುತ್ತೇವೆ, ಅವನ್ನು ಮೊದಲು ಹೇಳಿಬಿಡುತ್ತೇನೆ. ಊರನ್ನು ನಡೆಸುವ ಕೋಡ್ ಎಲ್ಲ ಇರುವ ಜಾಗಕ್ಕೆ ನಾವು ಕಣಜ ಎನ್ನುತ್ತೇವೆ. ನಿಮ್ಮವರು ರೆಪೊಸಿಟರಿ ಎನ್ನುತ್ತಿದ್ದರಂತೆ, ಹೇಳಲು ನಮ್ಮ ನಾಲಿಗೆಗೆ ಬರುವುದಿಲ್ಲ. ಆ ಕಣಜದ ಸಾಲುಗಳನ್ನು ಓದಿ ಇದು ಅಡ್ಡಾದಿಡ್ಡಿ, ಇದು ವ್ಯರ್ಥ ಎಂದು ತೋರಿಸುವ ಸಲಕರಣೆಗೆ ಮೊರ ಎಂದು ಹೆಸರು. ನಿಮ್ಮಲ್ಲಿ ಅದಕ್ಕೆ ಲಿಂಟರ್ ಎಂದಿದ್ದರು. ಮೊರ ತೋರಿಸಿದ್ದನ್ನೆಲ್ಲ ತಾನಾಗಿಯೇ ಸರಿಪಡಿಸಿಬಿಡುವ ಆಜ್ಞೆಯ ಹೆಸರು ಹಸನು. ಆ ಒಂದು ಪದವನ್ನು ಕರಿಪರದೆಯ ಮೇಲೆ ಬರೆದು ಒತ್ತಿದರೆ ಮುಗಿಯಿತು, ಸಾವಿರ ತಪ್ಪುಗಳು ಕಣ್ಣೆದುರೇ ಮಾಯವಾಗಿ ಹಸಿರು ಗುರುತು ಬರುತ್ತದೆ. ಕರಿಪರದೆ ನಿಮಗೆ ಗೊತ್ತಿರುವುದೇ, ಕಪ್ಪು ಹಲಗೆಯಲ್ಲಿ ಮಿನುಗುವ ಒಂದು ಗೆರೆ. ನಮ್ಮ ಕಾಲದಲ್ಲಿ ಬಾಗಿಲು, ದೀಪ, ಒಲೆ ಎಲ್ಲವೂ ಬಾಯಿಮಾತನ್ನು ಕೇಳುತ್ತವೆ. ಮನುಷ್ಯರು ಕೈಯಿಂದ ಬರೆದು ಆಜ್ಞೆ ಕೊಡುವ ಜಾಗವೆಂದು ಉಳಿದಿರುವುದು ಅದೊಂದೇ, ಅದಿರುವುದು ನಾನು ಕೆಲಸ ಮಾಡುವ, ಕಣಜವನ್ನು ಕೇರುವ ಈ ಕೇರುಮನೆಯಲ್ಲಿ.

ನಮ್ಮ ಊರು ಕಡಲಿಗಿಂತ ಕೆಳಗಿದೆ. ನಿಮ್ಮ ಕಾಲದಲ್ಲಿ ಉಪ್ಪುನೀರು ನುಗ್ಗುತ್ತಿದ್ದ ಗಜನಿ ಗದ್ದೆಗಳ ತಗ್ಗಿನಲ್ಲೇ ನಾವು ಮನೆ ಕಟ್ಟಿಕೊಂಡಿದ್ದೇವೆ. ಸುತ್ತ ಗೋಡೆ, ಗೋಡೆಯಾಚೆ ನೀರು. ಪ್ರತಿ ಮನೆಯ ಹೊಸ್ತಿಲ ಮೇಲೆ ಒಂದು ಬಟ್ಟಲು ನೀರಿಡುವುದು ನಮ್ಮ ಪದ್ಧತಿ. ಬಟ್ಟಲಿನ ನೀರು ನಡುಗಿದರೆ ಹೊರಗೆ ಅಲೆ ಗೋಡೆಗೆ ಬಡಿಯುತ್ತಿದೆ ಎಂದರ್ಥ, ಆ ದಿನ ಯಾರೂ ಜೋರಾಗಿ ನಗುವುದಿಲ್ಲ. ಕುಡಿಯುವ ನೀರನ್ನು ಗೋಡೆಯ ನೆತ್ತಿಗೆ ಕಟ್ಟಿದ ಬಲೆಗಳಿಂದ ಇಳಿಸುತ್ತೇವೆ, ಇಬ್ಬನಿ ಬಲೆಗೆ ಹಿಡಿದು ತೊಟ್ಟಿಕ್ಕುತ್ತದೆ. ಬಟ್ಟೆ ಎಷ್ಟು ಒಗೆದರೂ ಉಪ್ಪಿನ ಗೆರೆ ಹೋಗುವುದಿಲ್ಲ, ಮದುವೆ ಸೀರೆಗೂ ಅಷ್ಟೇ. ಅಕ್ಕಿ ಕಡಿಮೆ. ಹೊಟ್ಟೆ ತುಂಬುವುದು ಬಳಚಿನಿಂದ, ಅಂದರೆ ಅಳಿವೆಯ ಕೆಸರಿನಲ್ಲಿ ಸಿಗುವ ಚಿಪ್ಪಿನಿಂದ. ಇಳಿತದ ಹೊತ್ತಿಗೆ ಗೋಡೆಯಾಚೆ ಕೆಸರುಬಯಲು ಬೀಳುತ್ತದೆ. ಆಗ ಜಂತ್ರಡಿ ಏಳುತ್ತದೆ. ನಿಮ್ಮ ಊರಿನ ಒಡ್ಡುಗಳಲ್ಲಿ ನೀರು ತಡೆಯಲು ಇದ್ದ ಮರದ ಬಾಗಿಲಿನ ಹೆಸರೇ ಅದು. ನಮ್ಮದು ಕಬ್ಬಿಣದ್ದು, ಮೂರು ಮನೆಯಷ್ಟು ಎತ್ತರ. ಹೆಂಗಸರು ಗಂಡಸರು ಬುಟ್ಟಿ ಹಿಡಿದು ಅದರಡಿ ಹಾದು ಬಹಳ ದೂರ, ಗುಬ್ಬಿಯಷ್ಟಾಗಿ ಕಾಣುವವರೆಗೂ ಹೋಗುತ್ತಾರೆ. ಭರತ ತಿರುಗಿದಾಗ, ಅಂದರೆ ನೀರು ಮತ್ತೆ ಏರತೊಡಗಿದಾಗ, ಕೊಂಬು ಊದುತ್ತದೆ, ಅವರು ಹಿಂದಿರುಗುತ್ತಾರೆ, ಜಂತ್ರಡಿ ನಿಧಾನಕ್ಕೆ ಇಳಿದು ಮುಚ್ಚುತ್ತದೆ. ಒಮ್ಮೆ ಇಳಿಯತೊಡಗಿದ ಬಾಗಿಲನ್ನು ನಿಲ್ಲಿಸುವ ಹಕ್ಕನ್ನು ಯಾರಿಗೂ ಕೊಟ್ಟಿಲ್ಲ. ನಿಂತರೆ ಊರೇ ಮುಳುಗುತ್ತದೆ.

ವಿನುತಾ ಅವರೇ, ಆ ಕೊಂಬಿನ ಸಾಲನ್ನು ಬರೆದವರು ನೀವು. ಕಣಜದಲ್ಲಿ ಪ್ರತಿ ಸಾಲಿನ ಪಕ್ಕ ಅದನ್ನು ಬರೆದವರ ಹೆಸರು ನಿಲ್ಲುತ್ತದೆ, ಯಂತ್ರ ಬದಲಾದರೂ ಭಾಷೆ ಬದಲಾದರೂ ಹೆಸರು ಜೊತೆಗೇ ಬರುತ್ತದೆ. ನಿಮ್ಮ ಹಳ್ಳಿಯ ಒಡ್ಡಿನ ಪುಟ್ಟ ಬಾಗಿಲಿಗೆಂದು ನೀವು ಬರೆದದ್ದು ನಮ್ಮ ಈ ಗೋಡೆಯವರೆಗೆ ನಡೆದು ಬಂದಿದೆ. ನೀವು 'ಕೊಂಬು ಊದು' ಎಂದು ಬರೆದಿರಿ. ಅದರ ಕೆಳಗೆ ಇನ್ನೊಮ್ಮೆ 'ಕೊಂಬು ಊದು' ಎಂದು ಬರೆದಿರಿ. ಅದರ ಕೆಳಗೆ 'ಬಾಗಿಲು ಇಳಿಸು'. ಎರಡನೆಯ ಸಲ ಯಾಕೆ ಬರೆದಿರಿ ಎಂಬುದಕ್ಕೆ ನೀವು ಬಿಟ್ಟುಹೋದ ಮಾತು ಇಷ್ಟೇ: 'ಸದ್ಯಕ್ಕೆ ಹೀಗಿರಲಿ.' ನಿಮ್ಮ ಆ ಸದ್ಯ ಇನ್ನೂ ಮುಗಿದಿಲ್ಲ ನೋಡಿ.

ನೀವು ಊಹಿಸಲೂ ಆಗದ ಒಂದು ಸಂಗತಿ ಆಮೇಲೆ ಆಯಿತು. ಒಮ್ಮೆ ಊದಿದ ಮೇಲೆ ಕೊಂಬಿನ ಗಾಳಿಪೀಪಾಯಿ ಮತ್ತೆ ತುಂಬಲು ಎಲೆ ಅಡಿಕೆ ಹಾಕಿ ಮುಗಿಸುವಷ್ಟು ಹೊತ್ತು ಬೇಕು. ಹಾಗಾಗಿ ಎರಡು ಕೊಂಬುಗಳ ನಡುವೆ ಒಂದು ಬಿಡುವು ಬಂತು. ಆ ಬಿಡುವಿಗೆ ನಮ್ಮ ಜನ ಅರ್ಥ ಕೊಟ್ಟರು. ಮೊದಲ ಕೊಂಬು ಕಡಲಿನದು, ಎರಡನೆಯದು ನಮ್ಮದು. ಮೊದಲನೆಯದು ಕೇಳಿದ ಕೂಡಲೇ ಕೆಸರಿನಲ್ಲಿದ್ದವರೆಲ್ಲ ಕೈಕೆಲಸ ಬಿಟ್ಟು, ನಿಂತಲ್ಲೇ ಬಗ್ಗಿ ನೀರನ್ನು ಮುಟ್ಟಿ ಹಣೆಗೆ ಹಚ್ಚಿಕೊಂಡು, ತಲೆ ತಗ್ಗಿಸಿ ನಿಲ್ಲುತ್ತಾರೆ. ಕೊಟ್ಟಿದ್ದಕ್ಕೆ ಕಡಲಿಗೆ ಕೈಮುಗಿಯುವ ಹೊತ್ತು ಅದು. ಎರಡನೆಯದು ಊದಿದ ಮೇಲೆಯೇ ಕಾಲು ಕೀಳುವುದು. ಮೊದಲ ಕೊಂಬಿಗೆ ಓಡಿ ಬಂದವರಿಗೆ ಊರಿನಲ್ಲಿ ಹೆಣ್ಣು ಕೊಡುತ್ತಿರಲಿಲ್ಲವಂತೆ. ನಾನು ಹುಡುಗಿಯಾಗಿದ್ದಾಗ ಒಮ್ಮೆ ಹೆದರಿ ಓಡಿದ್ದೆ. ಬಯಲಿನ ಹಿರಿಯಳಾದ ತುಳಸಜ್ಜಿ ನನ್ನ ಜಡೆ ಹಿಡಿದು ನಿಲ್ಲಿಸಿ, "ಮೊದಲ್ನೇದು ಕಡಲಿಗೆ ಕಣೆ, ನಿಂಗಲ್ಲ. ಬೇರೆಯವ್ರನ್ನ ಕರದ್ರೆ ನೀ ಎಂತಕ್ಕೆ ಓಡೂದು?" ಎಂದು ಗದರಿಸಿದ್ದಳು. ಎಲ್ಲರೂ ನಕ್ಕಿದ್ದರು. ತುಳಸಜ್ಜಿಯದು ಇನ್ನೊಂದು ಪದ್ಧತಿ, ಬಯಲಿನ ಹಿರಿಯರು ಎಲ್ಲರನ್ನೂ ಮುಂದೆ ಕಳುಹಿಸಿ ತಾವು ಕಟ್ಟಕಡೆಗೆ ಒಳಗೆ ಬರಬೇಕು.

ಇನ್ನು ನಮ್ಮ ಕೇರುಮನೆಯ ಮಾತು. ಕರಾವಳಿಯ ಗೋಡೆಯೂರುಗಳಿಗೆಲ್ಲ ಕಣಜ ಒಂದೇ. ದಿನವೂ ಬೆಳಗಿನ ಹೊತ್ತು ಆಯಾ ಊರಿನವರು ತಮ್ಮ ಪಾಲನ್ನು ಹಸನು ಮಾಡಿ ಹಸಿರು ಗುರುತು ತೋರಿಸಬೇಕು. ತೋರಿಸದಿದ್ದರೆ ಆ ದಿನ ಆ ಊರಿನ ಯಾವ ಆಜ್ಞೆಯೂ ನಡೆಯುವುದಿಲ್ಲ, ಜಂತ್ರಡಿ ಏಳುವುದಿಲ್ಲ, ಒಲೆ ಹೊತ್ತುವುದಿಲ್ಲ. ಹಿಂದೆ ಹಸನು ಎಂಬ ಆಜ್ಞೆ ಚಿಲ್ಲರೆ ತಪ್ಪುಗಳನ್ನು ಮಾತ್ರ ಮುಟ್ಟುತ್ತಿತ್ತು. ಸಾಲಿನ ಕೊನೆಯ ಖಾಲಿ ಜಾಗ, ಮರೆತ ಚುಕ್ಕೆ, ಓರೆಯಾದ ಅಂಚು. ಮಿಕ್ಕವುಗಳ ಅಡಿಗೆ ಮೊರ ಹಳದಿ ಗೆರೆ ಎಳೆಯುತ್ತಿತ್ತು, ನಾವು ಕೂತು ಅಕ್ಕಿಯಿಂದ ಕಲ್ಲು ಆರಿಸಿದ ಹಾಗೆ ಒಂದೊಂದನ್ನೇ ನೋಡುತ್ತಿದ್ದೆವು. ನಿಮ್ಮ ಎರಡನೆಯ ಕೊಂಬಿನ ಅಡಿಗೆ ನನ್ನ ಅಜ್ಜಿಯ ಕಾಲದಿಂದಲೂ ಹಳದಿ ಗೆರೆ ಇತ್ತು. ನೋಡಿದವರೆಲ್ಲ ಹಾಗೇ ಬಿಟ್ಟು ಮುಂದೆ ಹೋಗುತ್ತಿದ್ದರು. ಈ ವರ್ಷ ಗೋಡೆಯೂರುಗಳ ಸಭೆಯವರು, ಒಂದರ ಬೆನ್ನಿಗೆ ಅದೇ ಇನ್ನೊಂದು ಇದ್ದರೆ ಇನ್ನು ಮೇಲೆ ಹಸನು ತಾನೇ ತೆಗೆದುಹಾಕಲಿ ಎಂದು ತೀರ್ಮಾನಿಸಿದರು. ದಿನವೂ ಅಷ್ಟೊಂದು ಹಳದಿ ನೋಡಿ ಅವರಿಗೆ ಸಾಕಾಗಿತ್ತು. ನಮ್ಮ ಹಿರಿಯರಾದ ಗಣಪು ಮಾಸ್ತರರು ಎಂದಿನಂತೆ ಆಜ್ಞೆ ಬರೆದು ಒತ್ತಿದರು. ಏನೇನು ಹೋಯಿತು ಎಂದು ಒಮ್ಮೆ ಓದೋಣ ಎಂದು ನಾನು ಅಂದೆ. "ಹಸರು ಬಂತಲ್ಲೆ ಹೊನ್ನಿ, ಇನ್ನೆಂತ ಬೇಕು ನಿಂಗೆ? ಓದೂಕೆ ಕೂತ್ರೆ ನಾಳೆ ಬೆಳಗಾಗ್ತದೆ" ಎಂದು ಅವರು ಚಹಾ ಕುಡಿಯಲು ಹೋದರು. ಮೊದಲು ಕ್ಯಾಲೆಂಡರ್ ಹೋದದ್ದು ಕಂಡಿತು. ಅದನ್ನು ಹೇಳಿಕೊಂಡು ನಗುತ್ತಿದ್ದಾಗಲೇ ಇಳಿತದ ಹೊತ್ತಾಯಿತು.

ಆ ದಿನ ನಾನು ಇದೇ ಕಿಟಕಿಯ ಬಳಿ ಇದ್ದೆ. ಕೇತಕಿ ತುಳಸಜ್ಜಿಯ ಜೊತೆ ಬಯಲಿಗೆ ಹೋಗಿದ್ದಳು. ಕೊಂಬು ಊದಿತು. ದೂರದಲ್ಲಿ ಎಲ್ಲರೂ ಬಗ್ಗಿದ್ದು ಕಾಣಿಸಿತು, ಎದ್ದು ತಲೆ ತಗ್ಗಿಸಿ ನಿಂತರು. ಅಷ್ಟರಲ್ಲಿ ಜಂತ್ರಡಿಯ ಸರಪಳಿ ಕಿರುಗುಟ್ಟಿದ ಸದ್ದಾಯಿತು. ನನಗೆ ಮೊದಲು ತಿಳಿಯಲೇ ಇಲ್ಲ. ಎರಡನೆಯ ಕೊಂಬು ನಾನೇ ಕೇಳಿಸಿಕೊಳ್ಳಲಿಲ್ಲವೇನೋ ಅಂದುಕೊಂಡೆ. ಬಾಗಿಲು ಇಳಿಯುತ್ತಿತ್ತು, ಅವರು ನಿಂತೇ ಇದ್ದರು. ಒಬ್ಬರೂ ಓಡುತ್ತಿರಲಿಲ್ಲ. ವಿನುತಾ ಅವರೇ, ಜನ ಹೆದರಿ ಓಡುವುದನ್ನು ನೋಡಿದರೆ ಅಷ್ಟು ಭಯವಾಗುವುದಿಲ್ಲ. ಬಾಗಿಲು ಮುಚ್ಚುತ್ತಿರುವಾಗ, ನೀರು ಏರುತ್ತಿರುವಾಗ, ಹೆತ್ತ ಮಗಳು ಶಾಂತವಾಗಿ ತಲೆ ತಗ್ಗಿಸಿ ಕಾಯುತ್ತಿರುವುದನ್ನು ನೋಡಬೇಕು, ಅದು ಭಯ. ನಾನು ಕಿಟಕಿಯಿಂದ ಕಿರುಚಿದೆ. ಗಾಳಿ ಕಡಲಿನಿಂದ ಊರಿನ ಕಡೆ ಬೀಸುತ್ತಿತ್ತು, ನನ್ನ ದನಿ ನನಗೇ ವಾಪಸ್ಸು ಬಂತು. ಅಲ್ಲಿಯವರೆಗೆ ಮುಟ್ಟುವುದು ಕೊಂಬಿನ ಸದ್ದು ಮಾತ್ರ.

ಕರಿಪರದೆಗೆ ಓಡಿ 'ಕೊಂಬು ಊದು' ಎಂದು ಬರೆದು ಒತ್ತಿದೆ. ಕೊಂಬು ಊದಲಿಲ್ಲ. ಬಾಗಿಲು ಇನ್ನೂ ಇಳಿಯುತ್ತಲೇ ಇದ್ದುದರಿಂದ ಮೊರದ ಲೆಕ್ಕದಲ್ಲಿ ನಡೆದು ಮುಗಿದ ಕೊನೆಯ ಆಜ್ಞೆ ಕೊಂಬಿನದೇ. 'ಇದೇ ಆಜ್ಞೆ ಈಗಷ್ಟೇ ನಡೆದಿದೆ. ಸರಿಪಡಿಸಲಾಗಿದೆ' ಎಂದು ಬಂತು, ಪಕ್ಕದಲ್ಲಿ ಹಸಿರು ಗುರುತು. ಮತ್ತೆ ಒತ್ತಿದೆ, ಮತ್ತೆ ಹಸಿರು. ಎಷ್ಟು ಸಲ ಒತ್ತಿದೆನೋ, ಅಷ್ಟು ಸಲವೂ ಅದು ನನ್ನನ್ನು ತಿದ್ದಿತು. ನನ್ನ ಮಗಳನ್ನು ಕರೆಯುವುದು ಒಂದು ತಪ್ಪು, ಆ ತಪ್ಪನ್ನು ಅದು ಸಮಾಧಾನದಿಂದ ಸರಿಮಾಡುತ್ತಿತ್ತು. ಕೈತಪ್ಪಿ ಬೇರೇನೋ ಬರೆಯಲು ಹೋದಾಗಲೇ ಹೊಳೆದದ್ದು, ನಡುವೆ ಇನ್ನೊಂದು ಆಜ್ಞೆ ಬಂದರೆ ಇವು ಬೆನ್ನುಬೆನ್ನಿಗೆ ಇರುವುದಿಲ್ಲವಲ್ಲ ಎಂದು. 'ದೀಪ ಹಚ್ಚು' ಎಂದು ಬರೆದು ಒತ್ತಿದೆ. ಹಾಡುಹಗಲಲ್ಲಿ ಗೋಡೆಯ ದೀಪ ಹೊತ್ತಿತು. ಕೂಡಲೇ 'ಕೊಂಬು ಊದು' ಎಂದೆ. ಊದಿತು. ಬಯಲಿನ ಜನ ತಲೆ ಎತ್ತಿದರು, ಬುಟ್ಟಿ ಎತ್ತಿಕೊಂಡರು, ನಡೆಯತೊಡಗಿದರು. ಬಾಗಿಲು ಎಷ್ಟು ಕೆಳಗೆ ಬಂದಿದೆ ಎಂದು ಕಂಡ ಮೇಲೆಯೇ ಅವರು ಓಡಿದ್ದು.

ಬುಟ್ಟಿಗಳನ್ನು ಎಸೆದು, ಮಂಡಿಯೂರಿ, ಆಮೇಲೆ ಹೊಟ್ಟೆಯ ಮೇಲೆ ತೆವಳಿ ಒಳಗೆ ಬಂದರು. ಕೇತಕಿಯನ್ನು ಹಿಂದಿನಿಂದ ಯಾರೋ ದೂಡಿದರಂತೆ. ದೂಡಿದ್ದು ತುಳಸಜ್ಜಿ. ಕಟ್ಟಕಡೆಗೆ ಬರಬೇಕಾದವಳು ಅವಳು, ಅವಳಿಗೆ ಜಾಗ ಉಳಿಯಲಿಲ್ಲ. ಕಬ್ಬಿಣಕ್ಕೆ ಕಿವಿಯಿಟ್ಟಿದ್ದವರಿಗೆ ಆಚೆಯಿಂದ ಅವಳ ಮಾತು ಕೇಳಿಸಿತು. ಅಳಲಿಲ್ಲ, ಬೇಡಿಕೊಳ್ಳಲಿಲ್ಲ. "ಎಲ್ಲರೂ ಬಂದ್ರನೆ?" ಎಂದು ಕೇಳುತ್ತಿದ್ದಳಂತೆ. ಬಂದರು ಎಂದು ಕೇತಕಿ ಕೂಗಿ ಹೇಳಿದಳು. ಆಮೇಲೆ ನೀರಿನ ಸದ್ದಷ್ಟೇ. ಮರುದಿನದ ಇಳಿತದಲ್ಲಿ ಅವಳು ಜಂತ್ರಡಿಯ ಬುಡದಲ್ಲೇ ಸಿಕ್ಕಳು. ನನ್ನ ಜಡೆ ಹಿಡಿದ ಕೈ ಅದು, ನಾನು ಬಹಳ ಅತ್ತೆ.

ಕೊಂಬಿನ ಸಾಲನ್ನು ಅವತ್ತೇ ಮತ್ತೆ ಬರೆದೆವು. ಮರುದಿನ ಬೆಳಿಗ್ಗೆ ಹಸನು ಅದನ್ನು ಮತ್ತೆ ತೆಗೆಯಿತು. ಎರಡರ ನಡುವೆ ದೀಪದ ಸಾಲನ್ನು ಇಟ್ಟೆವು. ಹಗಲಲ್ಲಿ ದೀಪ ವ್ಯರ್ಥ ಎಂದು ಅದನ್ನು ತೆಗೆದು, ಆಗ ಬೆನ್ನುಬೆನ್ನಿಗೆ ಬಂದ ಕೊಂಬನ್ನೂ ತೆಗೆಯಿತು. ತಿದ್ದಲು ಏನೂ ಉಳಿಯದವರೆಗೆ ಅದು ಸುತ್ತುತ್ತಲೇ ಇರುತ್ತದೆ. ಬಾವುಟ ಏರಿಸುವುದನ್ನು ಇಟ್ಟೆವು, ಕಾಲುವೆಯ ತೂಬು ತೆರೆಯುವುದನ್ನು ಇಟ್ಟೆವು, ಒಂದಾದ ಮೇಲೊಂದು ಎಲ್ಲವೂ ಹೋದವು. ಈ ಸಾಲನ್ನು ಮುಟ್ಟಬೇಡ ಎಂಬ ಗುರುತು ಹಾಕಿದೆವು. ಹಿಂದೆ ಕಂಡಕಂಡವರೆಲ್ಲ ಮನಸ್ಸಿಗೆ ಬಂದಲ್ಲಿ ಹಾಗೆ ಗುರುತು ಹಾಕಿ ಕಣಜ ಹಾಳಾಗಿತ್ತಂತೆ, ಅದಕ್ಕೆ ಸಭೆಯವರು ಒಂದು ನಿಯಮ ಮಾಡಿದ್ದಾರೆ. ಒಂದು ಸಾಲನ್ನು ಉಳಿಸಬೇಕೆಂದರೆ ಯಾಕೆ ಎಂಬ ಕಾರಣ ಅದರ ಮೇಲೆ ಬರೆದಿರಬೇಕು, ಆ ಕಾರಣವನ್ನು ಬರೆಯಬೇಕಾದವರು ಸಾಲನ್ನು ಮೊದಲು ಬರೆದವರೇ. ನಾನು ಹೊಸದಾಗಿ ನನ್ನ ಹೆಸರಿನಲ್ಲಿ ಬರೆದು ನೋಡಿದೆ. ಮೊರಕ್ಕೆ ಮೋಸ ಮಾಡಲಾಗುವುದಿಲ್ಲ, ಇದು ವಿನುತಾ ಹಮ್ಮಣ್ಣ ನಾಯಕರ ಹಳೆಯ ಸಾಲೇ ಎಂದು ಗುರುತು ಹಿಡಿಯಿತು. ಸಭೆಗೆ ದೂರು ಕೊಟ್ಟಿದ್ದೇವೆ. ಸಭೆ ಕೂಡುವುದು ಶ್ರಾವಣ ಮುಗಿದ ಮೇಲೆ. ಈ ಶ್ರಾವಣ ಎಷ್ಟು ಉದ್ದವೆಂದು ನಿಮಗೆ ಹೇಳಿದ್ದೇನೆ.

ಹಾಗಾದರೆ ಮೊದಲ ಕೊಂಬಿಗೇ ಬನ್ನಿ ಎಂದು ಜನರಿಗೆ ಹೇಳಬಾರದೇ ಎಂದು ನೀವು ಕೇಳುತ್ತೀರಿ. ಹೇಳಿದೆವು. ಮನೆಮನೆಗೆ ಹೋಗಿ ಹೇಳಿದೆವು. ಆಯಿತು ಎಂದು ತಲೆ ಅಲ್ಲಾಡಿಸುತ್ತಾರೆ, ಬಯಲಿಗೆ ಹೋದ ಮೇಲೆ ಕಾಲು ಏಳುವುದಿಲ್ಲ. ಹುಟ್ಟಿದಾಗಿನಿಂದ ನಿಂತ ಕಾಲುಗಳು ಅವು. ತುಳಸಜ್ಜಿ ಹೋದ ಮೇಲಂತೂ ಇನ್ನೂ ಕಷ್ಟವಾಗಿದೆ. ಅವಳ ಜಾಗದಲ್ಲಿ, ಎಲ್ಲರಿಗಿಂತ ಹಿಂದೆ, ಈಗ ನಿಲ್ಲುವವಳು ಕೇತಕಿ. ಯಾರೂ ಹೇಳಲಿಲ್ಲ, ತಾನಾಗಿಯೇ ನಿಂತಳು. ನಾನು ಬೈದೆ, ಅತ್ತೆ, ಊಟ ಬಿಟ್ಟೆ. "ಅಜ್ಜಿ ನಿಂತ ಜಾಗದಾಗೆ ನಿಂತ್ಕಂಡು ಮೊದ್ಲ ಕೊಂಬಿಗೇ ಓಡೂಕೆ ಆಗ್ತದ್ಯೆ ಆಯಿ?" ಎಂದಳು. ಇವತ್ತು ಬೆಳಿಗ್ಗೆ ನಾನು ಬಾಗಿಲಿಗೆ ಅಡ್ಡ ನಿಂತು ಹೋಗಬೇಡ ಎಂದಾಗ ಅವಳು ನಕ್ಕು ನನ್ನ ಗಲ್ಲ ಹಿಡಿದಳು. "ಕೊಂಬು ಊದೂಕೆ ನೀ ಕೂತಿರ್ತೀಯಲ್ಲ, ನಂಗೆ ಎಂತಕ್ಕೆ ಹೆದರಿಕೆ?"

ಹೌದು, ಇಷ್ಟು ದಿನ ನಾನೇ ಎರಡನೆಯ ಕೊಂಬು. ಕಣಜದ ಸಾಲುಗಳನ್ನು ಕೇರುವಷ್ಟು ಬಿಗಿಯಾಗಿ ಮೊರ ಕೈಯ ಆಜ್ಞೆಗಳನ್ನು ಕೇರುತ್ತಿರಲಿಲ್ಲ. ಹಾಗಾಗಿ ಪ್ರತಿ ಇಳಿತಕ್ಕೂ ನಾನು ಇಲ್ಲಿ ಕೂರುತ್ತೇನೆ. ಮೊದಲನೆಯದು ಊದಿದ ಕೂಡಲೇ 'ದೀಪ ಹಚ್ಚು' ಎನ್ನುತ್ತೇನೆ, ಪೀಪಾಯಿ ತುಂಬಿದ ಮೇಲೆ 'ಕೊಂಬು ಊದು' ಎನ್ನುತ್ತೇನೆ. ಬಾಗಿಲು ಆಗಲೇ ಇಳಿಯುತ್ತಿರುತ್ತದೆ, ಜನ ಕೊನೆಯ ದಾರಿಯನ್ನು ಓಡುತ್ತಲೇ ಬರುತ್ತಾರೆ. ಊರಿಗೆ ಅದು ರೂಢಿಯಾಗಿ ಹೋಯಿತು. ನಿನ್ನೆ ಬೆಳಿಗ್ಗೆ ಕರಿಪರದೆ ತೆರೆದಾಗ ನನ್ನ ಹೆಸರಿನ ಅಡಿಗೆ ಹಳದಿ ಗೆರೆ ಇತ್ತು. 'ಈ ಕೈಯಿಂದ ದಿನವೂ ಒಂದೇ ಆಜ್ಞೆ, ಹಗಲಲ್ಲಿ ದೀಪ, ವ್ಯರ್ಥ' ಎಂದು ಬರೆದಿತ್ತು. ಇವತ್ತು ಆ ಗೆರೆ ಇಲ್ಲ. ಹಳದಿ ಹೋಗುವುದು ಎರಡು ಕಾರಣಕ್ಕೆ. ಒಂದೋ ಮೊರ ಅದನ್ನು ಬಿಟ್ಟುಕೊಟ್ಟಿದೆ, ಇಲ್ಲವೋ ಹಸನು ಅದನ್ನು ಸರಿಪಡಿಸಿದೆ. ಬಿಟ್ಟುಕೊಟ್ಟಿದ್ದನ್ನು ನಾನು ಇದುವರೆಗೂ ಕಂಡಿಲ್ಲ.

ಗಣಪು ಮಾಸ್ತರರಿಗೆ ತೋರಿಸಿದೆ. ಅವರು ಈಗ ಮೊದಲಿನ ಹಾಗಿಲ್ಲ, ಆಜ್ಞೆ ಒತ್ತಿದ ಮೇಲೆ ಚಹಾಕ್ಕೆ ಏಳುವುದಿಲ್ಲ. ಇವತ್ತು ಹಸನು ಒತ್ತಿದ ಮೇಲೆ "ಏನೇನ್ ಹೋಯ್ತು ಓದಿ ನೋಡೆ ತಂಗಿ" ಎಂದು ಅವರೇ ಅಂದರು. ಓದುತ್ತಾ ಕೂತೆ. ಮುಗಿಯುವುದೇ ಇಲ್ಲ. ಯಾರದೋ ಬಾಗಿಲು ಎರಡು ಸಲ ಬಡಿಯುತ್ತಿತ್ತು, ಒಂದು ಸಲ ಮಾಡಿದೆ. ಮಕ್ಕಳಿಗೆ ಹಾಕುವ ಮದ್ದು ಎರಡು ಹೊತ್ತಿನದು ಒಂದು ಹೊತ್ತಿಗೆ ಬಂದಿದೆ, ಅದನ್ನು ಓಡಿಹೋಗಿ ಔಷಧಿಮನೆಗೆ ಹೇಳಿ ಬಂದೆ. ಇನ್ನು ನಾನು ಓದದೆ ಉಳಿದದ್ದರಲ್ಲಿ ಏನಿದೆಯೋ. ನಡೆಯುವಾಗ ನೆಲದ ಮೇಲೆ ಕಾಲಿಡಲೂ ಅಂಜಿಕೆಯಾಗುತ್ತದೆ, ಈ ನೆಲವನ್ನು ಹಿಡಿದಿಟ್ಟಿದ್ದ ಯಾವ ಸಾಲು ಇವತ್ತು ಬೆಳಿಗ್ಗೆ ಹೋಯಿತೋ ಎಂದು. ನನ್ನ ಆಜ್ಞೆ ಇನ್ನೂ ನಡೆಯುತ್ತದೆಯೇ ಎಂದು ಮೊದಲೇ ಒತ್ತಿ ನೋಡುವಂತಿಲ್ಲ. ಸುಮ್ಮನೆ ಒಂದು ಕೊಂಬು ಊದಿದರೆ ಬಯಲಿನವರು ಅದನ್ನೇ ಕಡಲಿನ ಕೊಂಬು ಎಂದು ತಿಳಿದು ನಿಲ್ಲುತ್ತಾರೆ, ನಿಜವಾದ ಮೊದಲನೆಯದಕ್ಕೆ ನಡೆದು ಬರುತ್ತಾರೆ. ಹಾಗೆಯೇ ಕರೆಸೋಣ ಎಂದುಕೊಂಡು ಭರತ ತಿರುಗುವ ಮೊದಲೇ ಒಮ್ಮೆ ಊದಿಸಲು ಹೊರಟೆ. ಹೊತ್ತಲ್ಲದ ಹೊತ್ತಿನ ಕೊಂಬಿಗೆ ಅಪ್ಪಣೆಯೇ ಇಲ್ಲವಂತೆ, ಅದನ್ನೂ ತಿದ್ದಿತು.

ಆದ್ದರಿಂದ ನಿಮಗೆ ಬರೆಯುತ್ತಿದ್ದೇನೆ. ಕಣಜದ ತಳದಲ್ಲಿ ನಿಮ್ಮ ಕಾಲದ ಪದರ ಇನ್ನೂ ಹಾಗೆಯೇ ಇದೆ. ಹಳೆಯ ತಾರೀಕು ಹಾಕಿ ಅಲ್ಲಿಗೆ ಬರಹವೊಂದನ್ನು ಸೇರಿಸಲು ದಾರಿಯಿದೆ. ಅದು ಕೆಳಗಿಳಿದು ನಿಜವಾಗಿಯೂ ನಿಮ್ಮ ಕಣ್ಣಿಗೆ ಬೀಳುತ್ತದೆಯೇ, ನಮ್ಮವರಲ್ಲಿ ಯಾರೂ ಮಾಡಿ ನೋಡಿಲ್ಲ. ನಾನು ಮಾಡುತ್ತಿದ್ದೇನೆ.

ನೀವು ಎರಡನೆಯ ಸಲ 'ಕೊಂಬು ಊದು' ಎಂದು ಬರೆಯುವ ದಿನ, ಅದರ ಮೇಲೆ ಒಂದು ಸಾಲು ಹೆಚ್ಚಿಗೆ ಬರೆಯಿರಿ. ಯಾಕೆ ಎಂದು ಬರೆಯಿರಿ. ಕೊಂಬಿನ ಗಂಟಲಿಗೆ ಉಪ್ಪು ಕಟ್ಟಿ ಮೊದಲ ಸಲ ಸರಿಯಾಗಿ ಊದುತ್ತಿರಲಿಲ್ಲವೋ, ಗದ್ದೆಯ ಆಚೆ ತುದಿಯಲ್ಲಿ ಕಿವಿ ಮಂದವಾದ ಯಾರಾದರೂ ಇದ್ದರೋ, ನನಗೆ ಗೊತ್ತಿಲ್ಲ. ಎಷ್ಟೋ ಹೊತ್ತು ಅದನ್ನೇ ಯೋಚಿಸಿದ್ದೇನೆ. ಕೈತಪ್ಪಿ ಎರಡು ಸಲ ಅಂಟಿಸಿದ್ದೇ ಆಗಿರಬಹುದು ಎಂಬ ಯೋಚನೆಯೂ ಬರುತ್ತದೆ, ಅದೇ ನನಗೆ ಎಲ್ಲಕ್ಕಿಂತ ಭಯ. ಹಾಗಿದ್ದರೂ ಚಿಂತೆಯಿಲ್ಲ, ಸುಳ್ಳನ್ನೇ ಬರೆಯಿರಿ. ಜನ ಕಾಯುತ್ತಾರೆ ಎಂದು ಬರೆಯಿರಿ. ನೀವು ಬರೆಯುವಾಗ ಅದು ಸುಳ್ಳಾಗಿದ್ದರೂ ಇಲ್ಲಿಗೆ ಬಂದು ಮುಟ್ಟುವ ಹೊತ್ತಿಗೆ ನಿಜವಾಗಿರುತ್ತದೆ. ನಿಮ್ಮ ಜೊತೆ ಕೆಲಸ ಮಾಡುವವರಿಗೂ ಹೇಳಿ. ಎಲ್ಲವನ್ನೂ ತಾನೇ ಸರಿಪಡಿಸುವ ಆಜ್ಞೆಯನ್ನು ಒತ್ತಿ ಚಹಾಕ್ಕೆ ಹೋಗುವ ಮೊದಲು, ಅದು ಏನನ್ನು ತೆಗೆಯಿತು ಎಂದು ಒಮ್ಮೆ ಓದಲಿ. ಹಸಿರು ಗುರುತು ಬಂದಿತೆಂದು ಸುಮ್ಮನಾಗಬೇಡಿ.

ಮೊದಲ ಕೊಂಬು ಊದಿತು.

ದೀಪದ ಆಜ್ಞೆ ಬರೆದು ಒತ್ತಿದ್ದೇನೆ. ಕಿಟಕಿಯಿಂದ ನೋಡಿದರೆ ಗೋಡೆಯ ದೀಪ ಹೊತ್ತಿದೆಯೋ ಇಲ್ಲವೋ ಬಿಸಿಲಿಗೆ ತಿಳಿಯುತ್ತಿಲ್ಲ. ಪರದೆಯ ಮೇಲೆ ಇನ್ನೂ ಏನೂ ಬಂದಿಲ್ಲ. ಜಂತ್ರಡಿ ಇಳಿಯತೊಡಗಿದೆ, ನನ್ನ ಕುರ್ಚಿ ಅದರುತ್ತಿದೆ. ಬಯಲಿನಲ್ಲಿ ಎಲ್ಲರೂ ಬಗ್ಗಿ ಎದ್ದರು. ಎಲ್ಲರಿಗಿಂತ ಆಚೆ, ನೀರಿನ ಅಂಚಿನಲ್ಲಿ, ಕೆಂಪು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡವಳು ಕೇತಕಿ. ನೀರು ಮುಟ್ಟಿ ಹಣೆಗೆ ಹಚ್ಚಿಕೊಂಡಳು. ಈಗ ತಲೆ ತಗ್ಗಿಸಿ ನಿಂತಿದ್ದಾಳೆ, ನಾನು ಇಲ್ಲಿ ಕೂತಿದ್ದೇನೆ ಎಂದು ಅವಳಿಗೆ ಗೊತ್ತಿದೆ.

ಪೀಪಾಯಿ ತುಂಬುವಷ್ಟರಲ್ಲಿ ಈ ಕಾಗದವನ್ನು ಕೆಳಗೆ ಕಳುಹಿಸಿಬಿಡುತ್ತೇನೆ. ಆಮೇಲೆ ಒತ್ತುತ್ತೇನೆ. ಹಸಿರು ಗುರುತು ಬರದಿರಲಿ.

ಒಂದೇ ಸಾಲು, ವಿನುತಾ ಅವರೇ. ಅವಳು ಕಾಯುತ್ತಿದ್ದಾಳೆ.

ಹೊನ್ನಿ